ಮೊಳೆಗೆ ಬೀಳದ ರಿಂಗು

ಗ್ಲಾಸು ಎಷ್ಟು ಬಿಸಿಯಿದೆ ಎಂಬುದು ಮಹಮ್ಮದ್ ಗೌಸನಿಗೆ ಈಗೀಗ ಗೊತ್ತಾಗುವುದು ತುಟಿಯಿಂದ, ಬೆರಳಿನಿಂದಲ್ಲ. ಎದುರಿನ ಚಹದಂಗಡಿಯ ಎರ್ರಣ್ಣ ಕುದಿಯುವ ಚಹವನ್ನು ಹಾಗೇ ಬಗ್ಗಿಸಿ ತಂದರೆ, ಉಳಿದವರು ಗ್ಲಾಸಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕೈಯಿಂದ ಕೈಗೆ ದಾಟಿಸುವಾಗ, ಇವನು ಇಡೀ ಗ್ಲಾಸನ್ನು ಮುಷ್ಟಿಯಲ್ಲಿ ಹಿಡಿದು ಬೀದಿ ನೋಡುತ್ತ ನಿಲ್ಲುತ್ತಿದ್ದ. ಗೌಸಣ್ಣಂದು ಕಬ್ಬಿಣದ ಕೈ ಅಂತ ಎರ್ರಣ್ಣ ಬಂದವರಿಗೆಲ್ಲ ತೋರಿಸುತ್ತಿದ್ದ. ಕೌಲ್ ಬಜಾರಿನ ಆ ಓಣಿಯಲ್ಲಿ ಒಬ್ಬ ಮೆಕ್ಯಾನಿಕನಿಗೆ ಅದಕ್ಕಿಂತ ದೊಡ್ಡ ಬಿರುದು ಸಿಗುವುದಿಲ್ಲ, ಗೌಸ ಬೇಡವೆಂದಿರಲಿಲ್ಲ. ಆ ಕೈಗೆ ಗ್ಲಾಸು ಸುಡುತ್ತಲೇ ಇಲ್ಲ ಎಂಬುದು ಬಿರುದು ಕೊಟ್ಟವನಿಗೆ ಗೊತ್ತಿರಲಿಲ್ಲ, ಅಷ್ಟೆ. ಸಕ್ಕರೆ ಕಾಯಿಲೆಯ ಡಾಕ್ಟರು ಕಣ್ಣು ಮುಚ್ಚಿಸಿ ಬೆರಳ ತುದಿಗೆ ಪಿನ್ನು ಒತ್ತಿ, ಗೊತ್ತಾಗುತ್ತದೆಯೇ ಎಂದು ಕೇಳಿದಾಗ, ಗೊತ್ತಾಗುತ್ತದೆ ಎಂದೇ ಹೇಳಿ ಬಂದಿದ್ದ. ಯಾಕೆ ಹೇಳಬಾರದು? ಮೂವತ್ತೆಂಟು ವರ್ಷ ಈ ಬೆರಳುಗಳೇ ಅವನಿಗೆ ಅನ್ನ ಹಾಕಿದ್ದವು. ಹಳೇ ಆಯಿಲನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, ಇದು ಇನ್ನೂ ಐನೂರು ಕಿಲೋಮೀಟರ್ ಓಡುತ್ತದೆ, ಇದು ಇವತ್ತೇ ಸತ್ತಿದೆ ಎಂದು ಹೇಳುತ್ತಿದ್ದವನು ಅವನು. ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಒಬ್ಬ ಡಾಕ್ಟರು ಒಂದು ಪಿನ್ನು ಹಿಡಿದುಕೊಂಡು ಬಂದು ಅದನ್ನೆಲ್ಲ ಕಿತ್ತುಕೊಳ್ಳುತ್ತೇನೆಂದರೆ ಕೊಟ್ಟುಬಿಡಲು ಅವನೇನು ಹುಚ್ಚನೇ.

ಓಣಿಯ ತಿರುವಿನಲ್ಲಿ ಕಾರಿನ ಸದ್ದು ಕೇಳಿಸಿತು. ಕಿವಿಗೆ ಇನ್ನೂ ಏನೂ ಆಗಿರಲಿಲ್ಲವಾದ್ದರಿಂದ ನೋಡುವ ಮೊದಲೇ ಯಾವ ಕಾರೆಂದು ತಿಳಿಯಿತು. ಮೂರು ತಿಂಗಳ ಹಿಂದೆ ಎಂಜಿನ್ನನ್ನು ಪೂರಾ ಬಿಚ್ಚಿ ಅವನೇ ಜೋಡಿಸಿಕೊಟ್ಟಿದ್ದ ಕಾರು. ಕುರುಗೋಡಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಮರಿಬಸಪ್ಪನದು. ಆಯಿಲ್ ಬದಲಿಸುವ ಹೊತ್ತು ಬಂದಿದೆ, ಮರಿಬಸಪ್ಪ ಬಂದಿರಬೇಕು ಎಂದುಕೊಂಡು ಗೌಸ ಗ್ಲಾಸು ಕೆಳಗಿಟ್ಟ. ಇಳಿದವಳು ಮರಿಬಸಪ್ಪನ ಹೆಂಡತಿ ಕೊಟ್ರಬಸಮ್ಮ. ಸಿರುಗುಪ್ಪದ ಸರ್ಕಾರಿ ಶಾಲೆಯಲ್ಲಿ ಟೀಚರು, ಐವತ್ತರ ಹತ್ತಿರದ ಹೆಂಗಸು. ಅವಳ ಜೊತೆ ಬೇರೆ ಯಾರೂ ಇರಲಿಲ್ಲ. ಅವಳ ಕೈಗೆ ಇನ್ನು ಕೀ ಕೊಡಬಾರದೆಂದು ಮನೆಯಲ್ಲಿ ತೀರ್ಮಾನವಾಗಿದೆ ಎಂಬುದು ಗೌಸನಿಗೆ ಗೊತ್ತಿತ್ತು. ಮರಿಬಸಪ್ಪನೇ ಫೋನಿನಲ್ಲಿ ನಗುತ್ತ ಹೇಳಿದ್ದ. ಮೂರು ತಿಂಗಳಿಂದ ಆಕೆ ಎರಡು ಬಸ್ಸು ಬದಲಿಸಿ, ಹೋಗುವಾಗಲೂ ಬರುವಾಗಲೂ ನಿಂತುಕೊಂಡು, ಶಾಲೆಗೆ ಹೋಗಿಬರುತ್ತಿದ್ದಳು. ಎದ್ದು ಸಲಾಂ ಹೇಳಬೇಕೋ, ಒಳಗೆ ಹೋಗಿ ಏನೋ ಹುಡುಕುವವನಂತೆ ನಿಲ್ಲಬೇಕೋ ಗೌಸನಿಗೆ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಯಾರೂ ಇನ್ನೂ ಕಳ್ಳ ಅಂದಿರಲಿಲ್ಲ, ಅವನ ಕೈ ಆಗಲೇ ಅಂಗಿಯ ಜೇಬಿಗೆ ಹೋಗಿತ್ತು. ಜೇಬಿನಲ್ಲಿ ಸಕ್ಕರೆ ಗುಳಿಗೆಯ ತಗಡಿನ ಡಬ್ಬಿ ಇತ್ತು, ಡಬ್ಬಿಯೊಳಗೆ ಗುಳಿಗೆಯಲ್ಲದ ಇನ್ನೊಂದು ವಸ್ತುವೂ ಇತ್ತು.

ಆಕೆ ಸುತ್ತು ಬಳಸು ಇಲ್ಲದೆ ಬಂದ ಕಾರಣ ಹೇಳಿದಳು. ಗಂಡ ಸ್ನಾನಕ್ಕೆ ಹೋದಾಗ ಅಂಗಿಯಿಂದ ಕೀ ತೆಗೆದುಕೊಂಡು ಬಂದಿದ್ದಾಳೆ. ನಾಳೆ ಗಂಗಾವತಿಯಿಂದ ಯಾರೋ ಕಾರು ನೋಡಲು ಬರುತ್ತಾರೆ, ಒಪ್ಪಿದರೆ ಮಾರಿಬಿಡುತ್ತಾರೆ. ಅಷ್ಟರೊಳಗೆ ಈ ಕಾರಿನ ಆಯಿಲನ್ನು ನೋಡುವುದು, ಬದಲಿಸುವುದು ಎರಡನ್ನೂ ತನ್ನ ಕೈಯಾರೆ ಮಾಡಿ ಕಲಿಯಬೇಕು. ಹೋದ ಭಾನುವಾರ ಮೈದುನನ ಮನೆಯ ತೊಟ್ಟಿಲ ಕಾರ್ಯದಲ್ಲಿ, ಊಟದ ಸಾಲಿನಲ್ಲಿ, ನಲವತ್ತು ಜನರ ಮುಂದೆ, ನಮ್ಮ ಟೀಚರಮ್ಮನಿಗೆ ಆಯಿಲ್ ಲೈಟಿಗೂ ಹಣೆಯ ಕುಂಕುಮಕ್ಕೂ ಫರಕು ಗೊತ್ತಾಗುವುದಿಲ್ಲ ಎಂದು ಗಂಡ ಹೇಳಿದನಂತೆ. ಬಡಿಸುವವರು ಸಾರಿನ ಬಕೆಟ್ಟು ಕೆಳಗಿಟ್ಟು ನಕ್ಕರಂತೆ. ಇದನ್ನು ಹೇಳುವಾಗ ಆಕೆಯ ಕಣ್ಣಲ್ಲಿ ನೀರೇನೂ ಇರಲಿಲ್ಲ. ಹಾಜರಿ ಕೂಗುವ ದನಿಯಲ್ಲಿ ಹೇಳಿ ಮುಗಿಸಿದಳು. "ನೀವು ಕೈ ಹಚ್ಚಬ್ಯಾಡ್ರಿ, ಗೌಸಣ್ಣ. ನೀವು ಕುಂತು ಹೇಳ್ರಿ. ನಾ ಮಾಡ್ತೀನಿ."

ಇಲ್ಲವೆನ್ನಲು ಹತ್ತು ಕಾರಣಗಳಿದ್ದವು. ಹೆಂಗಸರು ಗಾಡಿಯ ಕೆಳಗಿನ ರಿಪೇರಿ ಗುಂಡಿಗೆ ಇಳಿಯುವುದಿಲ್ಲ, ಸೀರೆ ಹಾಳಾಗುತ್ತದೆ, ಓಣಿ ನೋಡುತ್ತದೆ. ಓಣಿ ಆಗಲೇ ನೋಡುತ್ತಿತ್ತು. ಗೌಸ ಆ ಹತ್ತರಲ್ಲಿ ಒಂದನ್ನೂ ಹೇಳಲಿಲ್ಲ. ಸ್ಟೂಲನ್ನು ಗುಂಡಿಯ ಅಂಚಿಗೆ ಎಳೆದುಕೊಂಡು ಕೂತ. ಕೈ ಹಚ್ಚಬೇಡಿ ಎಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಹಾಯೆನಿಸಿತು, ಹಾಯೆನಿಸಿತಲ್ಲ ಎಂದು ಸಿಟ್ಟೂ ಬಂತು. ಹೆಂಡತಿ ಜುಬೇದಾ ತಿಂಗಳಿಂದ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದಳು. ಒಂದು ದಿನ ಅವನು ರೊಟ್ಟಿಯ ಹಂಚನ್ನು ಬಟ್ಟೆಯಿಲ್ಲದೆ ಎತ್ತಿ ಕೆಳಗಿಟ್ಟಿದ್ದ. ಸುಟ್ಟ ವಾಸನೆಗೆ ತಿರುಗಿ ನೋಡಿದ ಆಕೆ ಅವನ ಅಂಗೈ ಬಿಡಿಸಿ ನೋಡಿ, ಮುಲಾಮು ಹಚ್ಚಿ, ಇನ್ನು ಸಾಕು ಮಾಡಿ ಎಂದಿದ್ದಳು. ಏನನ್ನು ಸಾಕು ಮಾಡುವುದು? ಅಂಗಡಿಯನ್ನೋ, ಸುಳ್ಳನ್ನೋ? ಎರಡೂ ಒಂದೇ ಎಂಬಂತೆ ಆಕೆ ನೋಡಿದ್ದಳು. ಅವನು ಉಣ್ಣದೆ ಎದ್ದು ಹೋಗಿದ್ದ.

ಮೊದಲು ನೋಡುವುದನ್ನು ಕಲಿಸಿದ. ಕಾರು ಸಮ ನೆಲದಲ್ಲಿರಬೇಕು, ಎಂಜಿನ್ನು ಆರಿಸಿ ಐದು ನಿಮಿಷವಾದರೂ ಆಗಿರಬೇಕು, ಮೇಲೆ ಹೋದ ಆಯಿಲೆಲ್ಲ ಕೆಳಗೆ ಇಳಿಯಬೇಕು. ಆಕೆ ಬಾನೆಟ್ಟು ಎತ್ತಿ ಹಳದಿ ಹಿಡಿಕೆಯ ಕಡ್ಡಿಯನ್ನು ಎಳೆದಳು. ಮೊದಲ ಸಲ ಎಳೆದದ್ದನ್ನು ನಂಬಬಾರದು, ಒರೆಸಿ ಮತ್ತೆ ಇಳಿಬಿಟ್ಟು ಎಳೆದದ್ದೇ ಸತ್ಯ ಎಂದ. ಆಕೆ ಹಾಗೇ ಮಾಡಿ, ಕಡ್ಡಿಯ ಎರಡು ಗೆರೆಗಳ ನಡುವೆ ಕಪ್ಪು ಎಲ್ಲಿಗೆ ನಿಂತಿದೆ ಎಂದು ಬೆಳಕಿಗೆ ಹಿಡಿದು ನೋಡಿ, ನಡುಮಧ್ಯಕ್ಕಿಂತ ಒಂದು ನೂಲು ಕೆಳಗೆ ಎಂದಳು. ಸರಿಯಾಗಿತ್ತು. ಆಮೇಲೆ, ಅವನು ಹೇಳದಿದ್ದರೂ, ಕಡ್ಡಿಯ ತುದಿಯ ಆಯಿಲನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿದಳು. ಏನೋ ಸಣ್ಣ ಮರಳಿನ ಹಾಗೆ ತಗುಲುತ್ತದೆ ಎಂದಳು. ಹೊಸ ಬೇರಿಂಗು ಕೂಡುವಾಗ ಸವೆದ ಲೋಹ ಅದು, ಮೂರು ತಿಂಗಳಿಗೆ ಹಾಗೇ ಇರಬೇಕು ಎಂದು ಗೌಸ ವಿವರಿಸಿದ. ವಿವರಿಸುತ್ತಲೇ ತಾನೂ ಕಡ್ಡಿಗೆ ಕೈ ಚಾಚಿ ಒಂದು ಹನಿ ತೆಗೆದುಕೊಂಡು ತಿಕ್ಕಿದ. ಮರಳಿರಲಿಲ್ಲ. ಆಯಿಲೂ ಇರಲಿಲ್ಲ. ಬೆರಳುಗಳು ಒಂದರ ಮೇಲೊಂದು ಜಾರುವುದು ಕಣ್ಣಿಗೆ ಕಾಣುತ್ತಿತ್ತು, ಯಾರದೋ ಬೆರಳುಗಳನ್ನು ನೋಡಿದಂತೆ.

ಮೂರು ತಿಂಗಳ ಹಿಂದಿನ ಆ ದಿನವೂ ಬೆರಳು ಹೀಗೇ ಜಾರಿತ್ತು. ಆಯಿಲ್ ಬದಲಿಸಲು ಮೂರು ಗಾಡಿಗಳಿದ್ದವು, ಈ ಕಾರು ಮೂರನೆಯದು. ಆಕೆ ಬಜಾರಿಗೆ ಹೋಗಿ ಬಂದು ಇದೇ ಸ್ಟೂಲಿನ ಮೇಲೆ ಕೂತು ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಹಳೇ ಆಯಿಲ್ ಫಿಲ್ಟರು ಬಿಚ್ಚಿದ, ತೊಟ್ಟಿಗೆ ಎಸೆದ. ಎಂಜಿನ್ನಿನ ಮೈಮೇಲೆ ಫಿಲ್ಟರು ಕೂರುವ ಜಾಗದ ಸುತ್ತ ತೋರುಬೆರಳು ಒಂದು ಸುತ್ತು ಓಡಿಸಿದ. ನುಣುಪು, ಅಂದಿತು ಬೆರಳು. ಆ ಬೆರಳನ್ನು ಅವನು ಹೆಂಡತಿಗಿಂತ, ದೇವರಿಗಿಂತ ಹೆಚ್ಚು ನಂಬಿದ್ದ. ಹೊಸದನ್ನು ಕೂರಿಸಿ, ಆಯಿಲ್ ಹಾಕಿ, ಎರಡು ನಿಮಿಷ ಎಂಜಿನ್ನು ಓಡಿಸಿ ಕೆಳಗೆ ನೋಡಿದ. ಒಂದು ಹನಿ ಇಲ್ಲ. ಆಕೆ ಪೇಪರುಗಳನ್ನು ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಕಡೆ ಹೊರಟಳು. ಕಾಲು ಗಂಟೆಯಾದ ಮೇಲೆ ಅವನು ತೊಟ್ಟಿಯಿಂದ ಮೂರು ಹಳೇ ಫಿಲ್ಟರುಗಳನ್ನು ತೆಗೆದು, ಅವುಗಳ ಬಾಯಿಗಿರುವ ರಬ್ಬರ್ ರಿಂಗುಗಳನ್ನು ಒಂದೊಂದೇ ಎಬ್ಬಿಸಿ ಗೋಡೆಯ ಮೊಳೆಗೆ ಹಾಕತೊಡಗಿದ. ಎರಡು ರಿಂಗು ಬಂದವು. ಮೂರನೆಯ ಫಿಲ್ಟರಿನ ಬಾಯಿ ಬೋಳಾಗಿತ್ತು, ಅಂದರೆ ಅದರ ರಿಂಗು ಎಂಜಿನ್ನಿಗೇ ಅಂಟಿ ಉಳಿದಿತ್ತು.

ಕೆಳಗೆ ಗುಂಡಿಯಲ್ಲಿ ಕೊಟ್ರಬಸಮ್ಮ ಸೆರಗು ಸೊಂಟಕ್ಕೆ ಬಿಗಿದು, ತಲೆಗೆ ಅವನದೇ ಹಳೇ ಟವೆಲು ಸುತ್ತಿ, ಆಯಿಲು ನಿಲ್ಲುವ ಚೇಂಬರಿನ ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತಿದ್ದಳು. ಮೇಲೆ ಎರ್ರಣ್ಣನ ಅಂಗಡಿಯ ಮುಂದೆ ನಿಂತವರಲ್ಲಿ ಯಾರೋ, ಟೀಚರಮ್ಮ ಸಾಲಿ ಬಿಟ್ಟರೇನು ಎಂದು ಕೇಳಿದ. ಆಕೆ ತಲೆಯೆತ್ತದೆ, ಹ್ಞೂಂ, ಸಾಲಿ ಬಿಟ್ಟೀನಿ, ನೀನು ಯಾವಾಗ ಸೇರ್ತಿ ಎಂದಳು. ನಗು ಕೇಳಿದವನ ಮೇಲೇ ತಿರುಗಿತು. ಬೋಲ್ಟು ಸಡಿಲಾಗಿ ಆಯಿಲು ಸುರಿಯತೊಡಗಿತು. ಮೊದಲು ಕಪ್ಪಾಗಿ ದಪ್ಪಗೆ, ಆಮೇಲೆ ಸಣ್ಣ ಎಳೆಯಾಗಿ. ಆಕೆಯ ಮಣಿಕಟ್ಟಿನ ಮೇಲೆ ಇಳಿದಾಗ ಬಿಸಿಗೆ ಹಾ ಎಂದಳು. ಗೌಸನಿಗೆ ಆ ಹಾ ಎಂಬುದರ ಮೇಲೆ ಹೊಟ್ಟೆಕಿಚ್ಚಾಯಿತು.

ಆ ದಿನ ಫೋನು ಜೇಬಿನಲ್ಲೇ ಇತ್ತಲ್ಲ. ಅದೇ ಮಾತು ಮೂರು ತಿಂಗಳಿಂದ ಅವನ ತಲೆಯಲ್ಲಿ ತಿರುಗುತ್ತಿತ್ತು, ನಮಾಜಿಗೆ ಬಗ್ಗಿದಾಗ, ಬ್ರೆಡ್ಡು ಚಹದಲ್ಲಿ ಅದ್ದುವಾಗ. ಬೋಳು ಫಿಲ್ಟರು ಎಡಗೈಯಲ್ಲಿ ಹಿಡಿದು ಅವನು ಲೆಕ್ಕ ಹಾಕಿದ್ದ: ಆಕೆ ಈಗ ಊರು ದಾಟಿರುತ್ತಾಳೆ, ಇನ್ನೂ ಕೊಳಗಲ್ಲು ಮುಟ್ಟಿರುವುದಿಲ್ಲ. ಒಂದು ಫೋನು. ಅಮ್ಮಾ, ಗಾಡಿ ನಿಲ್ಲಿಸಿ, ಒಂದು ರಿಂಗು ಬಿಟ್ಟಿದ್ದೇನೆ. ಎಷ್ಟು ಸಣ್ಣ ಮಾತು. ಆದರೆ ಅದನ್ನು ಹೇಳಿದವನು ಮರುದಿನದಿಂದ ಯಾರಾಗಿರುತ್ತಾನೆ? ರಿಂಗು ಬಿಟ್ಟವನಾಗಿರುತ್ತಾನೆ. ಯಾಕೆ ಬಿಟ್ಟ ಎಂದರೆ ಬೆರಳಿನ ಮಾತು ಬರುತ್ತದೆ. ಅವನು ತೊಟ್ಟಿಯ ತಳದಲ್ಲಿ ಕೈಯಾಡಿಸಿ ರಿಂಗಿಗಾಗಿ ಹುಡುಕಿದ. ಎಲ್ಲೋ ಬಿದ್ದಿರಬೇಕು ಎಂದುಕೊಂಡ. ಸಿಗದ ರಿಂಗನ್ನು ಅರ್ಧ ಗಂಟೆ ಹುಡುಕಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಹುಡುಕುತ್ತಿರುವಾಗಲೇ ಫೋನು ಬಂತು, ಮರಿಬಸಪ್ಪನದು: ಕೊಳಗಲ್ಲಿನ ಹತ್ತಿರ ಕಾರು ನಿಂತುಬಿಟ್ಟಿದೆ, ಆಯಿಲೆಲ್ಲ ರಸ್ತೆಗೆ ಹೋಗಿದೆ.

ಗಾಡಿಯನ್ನು ಎಳೆದು ತಂದದ್ದೂ ಇದೇ ಗುಂಡಿಯ ಮೇಲಕ್ಕೆ. ಗಂಡ ಹೆಂಡತಿ ಬರುವ ಮೊದಲೇ ಅವನು ಒಬ್ಬನೇ ಇಳಿದು ಫಿಲ್ಟರು ಬಿಚ್ಚಿದ್ದ. ಎರಡು ರಿಂಗುಗಳು, ಒಂದರ ಬೆನ್ನ ಮೇಲೊಂದು, ಒಂದು ಕಡೆ ಬಾವು ಬಂದಂತೆ ಉಬ್ಬಿ ಹೊರಗೆ ಜಾರಿದ್ದವು. ಅವನ್ನು ಎಬ್ಬಿಸಿ ಗುಳಿಗೆಯ ಡಬ್ಬಿಗೆ ಹಾಕಿಕೊಂಡ. ಎಂಜಿನ್ನು ಬಿಚ್ಚಿದಾಗ ಇನ್ನೊಂದು ಕಂಡಿತು, ಅವನ ಪಾಲಿಗೆ ಅದು ರಿಂಗಿಗಿಂತ ಕೆಟ್ಟದ್ದು. ಬೇರಿಂಗುಗಳು ಉಜ್ಜಿಹೋಗಿದ್ದವು, ಆದರೆ ಅವುಗಳ ಮೇಲೆ ತಿರುಗುವ ಕ್ರ್ಯಾಂಕು ಉಳಿದಿತ್ತು. ಆಯಿಲಿನ ಕೆಂಪು ಲೈಟು ಹತ್ತಿದ ಕೂಡಲೇ ನಿಲ್ಲಿಸಿದವರ ಎಂಜಿನ್ನು ಮಾತ್ರ ಹಾಗಿರುತ್ತದೆ. ಇನ್ನೊಂದು ಫರ್ಲಾಂಗು ಓಡಿಸಿದ್ದರೆ ಕ್ರ್ಯಾಂಕು ಮುರಿದು ಕೈಗೆ ಬರುತ್ತಿತ್ತು. ಆಕೆ ಲಾರಿಗಳ ನಡುವೆ, ಬೆನ್ನಿಗೆ ಹಾರ್ನು ಹಾಕಿಸಿಕೊಳ್ಳುತ್ತ, ಆ ಕ್ಷಣದಲ್ಲೇ ಪಕ್ಕಕ್ಕೆ ಎಳೆದಿದ್ದಳು. ಮರಿಬಸಪ್ಪ ಮೇಲೆ ನಿಂತು ಏನಾಗಿತ್ತೆಂದು ಕೇಳಿದಾಗ ಗೌಸ, ಕಲ್ಲು ಗಿಲ್ಲು ಬಡಿದು ಫಿಲ್ಟರು ಜಾರಿರಬೇಕು ಎಂದ. ಆಮೇಲೆ ಆಕೆಯ ಕಡೆ ತಿರುಗಿ, ಲೈಟು ಹತ್ತಿದ್ದಿಲ್ಲೇನಮ್ಮ ಎಂದು ಕೇಳಿದ. ಕೇಳಿದ, ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹತ್ತಿತ್ತು, ಹತ್ತಿದ ಕೂಡಲೇ, ಎಂದು ಆಕೆ ಬಾಯಿ ತೆರೆಯುವಷ್ಟರಲ್ಲಿ ಗಂಡ, ಹತ್ತಿತ್ತಂತಲ್ಲ, ಕೇಳಿದಿರಾ, ಹತ್ತಿತ್ತಂತೆ ಎಂದು ಗುಂಡಿಯ ಸುತ್ತ ತಿರುಗಿ ತಿರುಗಿ ಹೇಳತೊಡಗಿದ. ಗೌಸ ಪಾನಾ ಒರೆಸುತ್ತ ನಿಂತಿದ್ದ. ಕೂಲಿ ತೆಗೆದುಕೊಳ್ಳಲಿಲ್ಲ. ನಿಮ್ಮದು ದೊಡ್ಡ ಮನಸು ಎಂದು ಮರಿಬಸಪ್ಪ ಕೈ ಹಿಡಿದು ಕುಲುಕಿದ. ಆ ಕುಲುಕಾಟ ಮೊಣಕೈಯಿಂದ ಮೇಲೆ ಮಾತ್ರ ಗೊತ್ತಾಗಿತ್ತು.

ಹಳೇ ಫಿಲ್ಟರು ಆಕೆಗೆ ಸುಲಭಕ್ಕೆ ಬಗ್ಗಲಿಲ್ಲ. ಫಿಲ್ಟರು ಬಿಚ್ಚುವ ಪಟ್ಟಿ ಹಾಕಿ, ಹಲ್ಲು ಕಚ್ಚಿ ತಿರುಗಿಸಿದಳು, ಬಂತು. ಹೊಸದಕ್ಕೆ ಕೈ ಚಾಚಿದಾಗ ಗೌಸ ತಡೆದ. ಮೊದಲು ರಿಂಗು, ಎಂದ. ಹಳೆಯದರ ಬಾಯಿಂದ ರಿಂಗು ಎಬ್ಬಿಸಿ ಮೇಲೆ ಬಂದು ಆ ಮೊಳೆಗೆ ಹಾಕಬೇಕು, ಹಾಕಿದ ಮೇಲೇ ಹೊಸ ಫಿಲ್ಟರು ಮುಟ್ಟಬೇಕು. ಅವನ ಉಸ್ತಾದ ನನ್ನೇಸಾಬ ಹಾಕಿಕೊಟ್ಟ ಕಟ್ಟಳೆ ಅದು. ರಿಂಗು ಮೊಳೆಗೆ ಬೀಳದೆ ಹೊಸದಕ್ಕೆ ಕೈ ಹಚ್ಚಿದರೆ ಉಸ್ತಾದ ಬೆರಳ ಗಂಟಿನ ಮೇಲೆ ಪಾನಾದಿಂದ ಹೊಡೆಯುತ್ತಿದ್ದ. ಬೆರಳು ಪಳಗಿತು, ಉಸ್ತಾದ ತೀರಿಕೊಂಡ, ಗೌಸ ಕಟ್ಟಳೆಯನ್ನು ಸಡಿಲ ಮಾಡಿಕೊಂಡ. ಬೆರಳಿರುವಾಗ ಮೊಳೆ ಯಾಕೆ, ಸಂಜೆ ಒಟ್ಟಿಗೆ ಹಾಕಿದರಾಯಿತು. ಇದಿಷ್ಟನ್ನು ಅವನು ಹೇಳಲಿಲ್ಲ. ರಿಂಗು ಕೆಲವೊಮ್ಮೆ ಫಿಲ್ಟರಿನ ಜೊತೆ ಬಾರದೆ ಎಂಜಿನ್ನಿಗೇ ಅಂಟಿ ಉಳಿಯುತ್ತದೆ, ಅದರ ಮೇಲೆ ಹೊಸದು ಕೂತರೆ ನಿಂತಾಗ ಹಿಡಿಯುತ್ತದೆ, ಓಡುವಾಗ ಜಾರುತ್ತದೆ ಎಂದಷ್ಟೇ ಹೇಳಿದ. ಹೇಳುತ್ತಿರುವಾಗ ತನ್ನ ದನಿ ಸಹಜವಾಗಿಯೇ ಇದೆಯಲ್ಲ ಎಂದು ಆಶ್ಚರ್ಯಪಟ್ಟ.

ಆಕೆ ಮೆಟ್ಟಿಲು ಹತ್ತಿ ಬಂದು, ಕಪ್ಪು ರಿಂಗನ್ನು ಎರಡು ಬೆರಳಲ್ಲಿ ಹಿಡಿದು, ಮೊಳೆಯ ಮೇಲಿದ್ದ ನೂರಾರು ರಿಂಗುಗಳ ಮುಂದೆ ಸಿಕ್ಕಿಸಿದಳು. ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗ ಬಸ್ಸು ಹತ್ತಿಸುವ ಮೊದಲು ತಾನೂ ಹೀಗೇ ತಲೆ ಎಣಿಸುತ್ತೇನೆ ಎಂದಳು. ಒಂದು ತಲೆ ಕಡಿಮೆಯಾದರೆ ಬಸ್ಸು ಬಿಡುವ ಹಾಗಿಲ್ಲ. ಆಮೇಲೆ ಆ ರಿಂಗುಗಳ ಗೊಂಚಲನ್ನು ನೋಡುತ್ತ, ನಿಜವಾದ ಮೆಚ್ಚುಗೆಯಿಂದ, "ಅದಕ್ಕ ನೋಡ್ರಿ, ನಿಮ್ಮ ಕೈಯಾಗ ಒಂದೂ ತಪ್ಪಿಲ್ಲ" ಎಂದಳು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾರು ಗಂಗಾವತಿಗೆ ಹೋಗುತ್ತಿತ್ತು, ಆಕೆ ಬಸ್ಸಿನಲ್ಲಿ ನಿಲ್ಲುತ್ತಿದ್ದಳು, ಇವನು ಗ್ಲಾಸು ಮುಷ್ಟಿಯಲ್ಲಿ ಹಿಡಿದು ಬೀದಿ ನೋಡುತ್ತಿದ್ದ. ಆದರೆ ಆ ಮೆಚ್ಚುಗೆ ಗೌಸನಿಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪದಿಂದ ಹೇಳಿದ ಅಂದರೆ ಸುಳ್ಳಾಗುತ್ತದೆ. ಅವನಿಗೆ ಬಂದದ್ದು ಸಿಟ್ಟು. ಮರಿಬಸಪ್ಪನ ಮೇಲೆ, ಡಾಕ್ಟರರ ಪಿನ್ನಿನ ಮೇಲೆ, ಕಬ್ಬಿಣದ ಕೈ ಎಂದ ಎರ್ರಣ್ಣನ ಮೇಲೆ, ತನಗೆ ಸಲ್ಲದ ಹೊಗಳಿಕೆಯನ್ನು ಇಷ್ಟು ಸಲೀಸಾಗಿ ಕೊಡುತ್ತಿರುವ ಈ ಹೆಂಗಸಿನ ಮೇಲೆ. ಯಾರ ದಾನವೂ ಬೇಡ ಎನ್ನಿಸಿತು.

"ತಪ್ಪೈತಿ," ಎಂದ.

"ಯಾವಾಗ?"

"ನಿಮ್ಮ ಗಾಡ್ಯಾಗ. ಆ ದಿನ. ರಿಂಗ್ ನಾ ಬಿಟ್ಟಿದ್ದೆ. ನೀವು ಕೊಳಗಲ್ಲು ಮುಟ್ಟೋದರೊಳಗ ನನಗ ಗೊತ್ತಾಗಿತ್ತು. ಫೋನ್ ಮಾಡಲಿಲ್ಲ."

ಆಕೆ ಅವನನ್ನು ನೋಡಿದಳು. ಬೈಯುತ್ತಾಳೆಂದು, ಕೈಯಲ್ಲಿದ್ದ ಪಾನಾ ಎಸೆಯುತ್ತಾಳೆಂದು ಗೌಸ ನೆಟ್ಟಗೆ ಕೂತ. ಆಕೆ ಮತ್ತೆ ಗುಂಡಿಗೆ ಇಳಿದಳು. ಹೊಸ ಫಿಲ್ಟರಿನ ರಿಂಗಿಗೆ ಒಂದು ಬೆರಳು ಆಯಿಲ್ ಸವರಿದಳು. ಎಂಜಿನ್ನಿನ ಮೈಮೇಲೆ ಆ ಜಾಗದ ಸುತ್ತ ಬೆರಳು ಓಡಿಸಿದಳು, ಒಂದು ಸಲ, ಎರಡು ಸಲ, ಆಮೇಲೆ ಟಾರ್ಚು ಹಾಕಿ ಕಣ್ಣಿಂದ ನೋಡಿದಳು. ಕೈಯಿಂದಲೇ ಬಿಗಿ ಮಾಡಿದಳು, ತಾಗಿದ ಮೇಲೆ ಮುಕ್ಕಾಲು ಸುತ್ತು. ಬೋಲ್ಟಿಗೆ ಹೊಸ ವಾಷರು ಹಾಕಿ ಕೂರಿಸಿದಳು. ಮೇಲೆ ಬಂದು ಮೂರು ಲೀಟರು ಚೆಲ್ಲದಂತೆ ಬಗ್ಗಿಸಿದಳು, ಎಂಜಿನ್ನು ಓಡಿಸಿದಳು, ಆರಿಸಿದಳು, ಐದು ನಿಮಿಷ ಗಡಿಯಾರ ನೋಡುತ್ತ ನಿಂತಳು. ಕಡ್ಡಿ ಎಳೆದಳು, ಒರೆಸಿದಳು, ಮತ್ತೆ ಎಳೆದಳು. ಅಷ್ಟು ಹೊತ್ತೂ ಒಂದು ಮಾತಿಲ್ಲ. ಗೌಸನ ಮೂವತ್ತೆಂಟು ವರ್ಷದಲ್ಲಿ ಯಾರೂ ಅವನನ್ನು ಇಷ್ಟು ಹೊತ್ತು ಇಷ್ಟು ಚೆನ್ನಾಗಿ ಬೈದಿರಲಿಲ್ಲ. ಕೊನೆಗೆ ಆಕೆ ಸೋಪು ಹಚ್ಚಿ ಮೊಣಕೈತನಕ ತೊಳೆದುಕೊಂಡು ಬಂದು ಎದುರು ನಿಂತಳು.

"ಮೂರು ತಿಂಗಳು ನಾನೇ ನನ್ನ ಕೇಳ್ಕೊಂಡೀನಿ, ಗೌಸಣ್ಣ. ಲೈಟ್ ಮೊದಲೇ ಹತ್ತಿತ್ತೇನೋ, ನಾನೇ ನೋಡಲಿಲ್ಲೇನೋ ಅಂತ. ಬಸ್ಸಿನಾಗ ನಿಂತು ನಿಂತು, ಹೌದು ನಂದೇ ತಪ್ಪು ಅಂತ ಒಪ್ಪಿಕೊಂಡೂ ಬಿಟ್ಟಿದ್ದೆ. ನನಗ ಹೇಳಿದ್ರ ಸಾಲಾಂಗಿಲ್ಲ. ಕುರುಗೋಡಿಗೆ ಬಂದು ಹೇಳ್ರಿ."

ಮಾಫಿ ಕೇಳುವ ಮಾತು ಗೌಸನ ಬಾಯಿಗೆ ಬಂದಿತ್ತು. ನುಂಗಿಕೊಂಡ. ಮಾಫಿ ಕೇಳಿದರೆ ಆಕೆ ಕೊಡಬೇಕಾಗುತ್ತದೆ, ಅದೂ ಒಂದು ವಸೂಲಿ. ಗ್ಯಾರೇಜಿನ ತಗಡು ಎಳೆದು, "ನಡೀರಿ" ಎಂದ. ಈ ಹೊತ್ತಿನಲ್ಲಿ ಎಲ್ಲಿಗೆ ಎಂದು ಎರ್ರಣ್ಣ ಕೇಳಿದ್ದನ್ನು ಹಿಂದೆ ಬಿಟ್ಟು ನಡೆದ. ಕಾರಿನ ಎಡಗಡೆ ಕೂತಾಗ, ತಾನು ಇಷ್ಟು ವರ್ಷದಲ್ಲಿ ರಿಪೇರಿ ಮಾಡಿದ ಕಾರುಗಳಲ್ಲಿ ಹೀಗೆ ಬರಿಗೈಯಲ್ಲಿ ಕೂತು ಹೋದದ್ದು ಕಡಿಮೆ ಎನ್ನಿಸಿತು. ಆಕೆ ಚೆನ್ನಾಗಿ ಓಡಿಸುತ್ತಿದ್ದಳು. ಕ್ಲಚ್ಚು ಬಿಡುವುದರಲ್ಲೇ ಗೊತ್ತಾಗುತ್ತದೆ. ಎಂಜಿನ್ನನ್ನು ನೋಯಿಸದೆ ಬಿಡುತ್ತಿದ್ದಳು. ಕೊಳಗಲ್ಲಿನ ಹತ್ತಿರ, ಮೆಣಸಿನಕಾಯಿ ಹೊಲದ ಪಕ್ಕದಲ್ಲಿ, ವೇಗ ಇಳಿಸಿ ಇಲ್ಲೇ ಎಂದಳು. ಗೌಸ ರಸ್ತೆಯಲ್ಲಿ ಕಪ್ಪು ಕಲೆ ಇದೆಯೇ ಎಂದು ಹುಡುಕಿದ. ಮೂರು ತಿಂಗಳ ಲಾರಿಗಳು ಅದನ್ನು ಒರೆಸಿ ಹಾಕಿದ್ದವು. ಕಲೆ ಇದ್ದಿದ್ದರೆ ಒಳ್ಳೆಯದಿತ್ತು ಎನ್ನಿಸಿತು.

ಕುರುಗೋಡಿನ ಅಂಗಡಿಯಲ್ಲಿ ಮರಿಬಸಪ್ಪ ಇಬ್ಬರು ರೈತರಿಗೆ ಹತ್ತಿ ಬೀಜದ ಪ್ಯಾಕೆಟ್ಟು ತೋರಿಸುತ್ತಿದ್ದ. ಹೆಂಡತಿಯ ಕೈಯಲ್ಲಿ ಕೀ ಕಂಡು ಅವನ ಮುಖ ಬಿಗಿಯಿತು. ಹಿಂದೆ ಗೌಸ ಇಳಿದದ್ದು ಕಂಡು ಮತ್ತೆ ಕೆಟ್ಟುಹೋಯಿತೇನು ಎಂದು ನಗಲು ತಯಾರಾದ. ಗೌಸ ಬಾಗಿಲಲ್ಲೇ ನಿಂತು, ಕೂರದೆ, ಒಂದೇ ಉಸಿರಿಗೆ ಹೇಳಿದ: ರಿಂಗು ಬಿಟ್ಟವನು ತಾನು, ಮುಚ್ಚಿಟ್ಟವನು ತಾನು, ಅಮ್ಮನದು ಏನೂ ತಪ್ಪಿಲ್ಲ. ಮರಿಬಸಪ್ಪ ರೈತರ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಅವನ ಮುಖ ಸಡಿಲವಾಯಿತು. ಎಲ್ಲ ಅರ್ಥವಾಯಿತು ಎಂಬಂತೆ ತಲೆಯಾಡಿಸಿದ. "ಈಕಿ ಬಂದು ಅತ್ತಿರಬೇಕು. ಹೆಣ್ಮಗಳ ಮರ್ಯಾದಿ ಉಳಸಾಕ ನೀವು ಮೈಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ನಿಮ್ಮದು ದೊಡ್ಡ ಮನಸು ಅಂತ ನಾ ಅವತ್ತೇ ಅಂದಿದ್ನಲ್ಲ." ಹೋಟೆಲಿನ ಕಡೆ ಕೈ ಮಾಡಿ ಚಹಕ್ಕೆ ಹೇಳಿದ.

ಗೌಸ ಇದನ್ನು ಎಣಿಸಿರಲಿಲ್ಲ. ಬೈಗುಳಕ್ಕೆ, ಹೊಡೆತಕ್ಕೆ ಕೂಡ ಮೈ ಗಟ್ಟಿ ಮಾಡಿಕೊಂಡು ಬಂದಿದ್ದ. ಡಬ್ಬಿ ತೆಗೆದು ಗುಳಿಗೆಗಳ ನಡುವಿನಿಂದ ಆ ಜೋಡಿ ರಿಂಗನ್ನು ಮೇಜಿನ ಮೇಲಿಟ್ಟ. ಒಂದಕ್ಕೊಂದು ಅಂಟಿಕೊಂಡು ಇನ್ನೂ ಹಾಗೇ ಉಬ್ಬಿದ್ದವು. ಮರಿಬಸಪ್ಪ ಬೆರಳಿನಿಂದ ತಳ್ಳಿ, ಇವು ಯಾವ ಗಾಡಿಯವೋ ಎಂದ. ಕಣ್ಣು, ಕೈ ಎಲ್ಲ ಇರುವ ಗೌಸ್ ಮೇಸ್ತ್ರಿ ರಿಂಗು ಬಿಡುತ್ತಾನೆಂದರೆ ಬಳ್ಳಾರಿಯಲ್ಲಿ ಯಾರು ನಂಬುತ್ತಾರೆ ಎಂದು ರೈತರನ್ನೇ ಕೇಳಿದ. ರೈತರು ಹೌದೆಂದರು. ಕೊಟ್ರಬಸಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆಕೆಯ ಮುಖದಲ್ಲಿ ಗೆಲುವು ಸೋಲು ಯಾವುದೂ ಇರಲಿಲ್ಲ. ಬಸ್ಸಿನಲ್ಲಿ ನಿಂತವರ ಮುಖ. ಮೂರು ತಿಂಗಳ ಹಿಂದೆ ಗುಂಡಿಯ ಅಂಚಿನಲ್ಲಿ ಬಾಯಿ ತೆರೆದು ಮುಚ್ಚಿದ್ದಳಲ್ಲ, ಅದೇ ಮುಖ. ಇವನ ಒಳ್ಳೆಯ ಹೆಸರು ಆಕೆಯ ಮೇಲೆ ಇನ್ನೊಂದು ಸಲ ಕೂತಿತು, ಹಳೇ ರಿಂಗಿನ ಮೇಲೆ ಹೊಸದು ಕೂತ ಹಾಗೆ.

ಚಹ ಬಂತು, ಗ್ಲಾಸಿನ ಮೇಲೆ ಹೊಗೆಯಾಡುತ್ತಿತ್ತು. ಮರಿಬಸಪ್ಪ ತನ್ನ ಗ್ಲಾಸಿಗೆ ಕೈ ಹಾಕಿ, ಸುಟ್ಟು, ಕೈ ಹಿಂತೆಗೆದು ಕಿವಿ ಮುಟ್ಟಿಕೊಂಡ. ಗೌಸ ತನ್ನ ಗ್ಲಾಸನ್ನು ಮೇಜಿನ ನಡುವಿಗೆ ಎಳೆದು, ತೋರುಬೆರಳು ಮತ್ತು ನಡುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಚಹದೊಳಗೆ ಇಳಿಬಿಟ್ಟ. ಬಿಟ್ಟು, ಮಾತಾಡತೊಡಗಿದ.

"ನೋಡ್ರಿ ಮರಿಬಸಪ್ಪ. ಎಲ್ಲಾರೂ ನೋಡ್ರಿ. ಈ ಬೆರಳು ಸತ್ತು ಎರಡು ವರ್ಷ ಆತು. ರಬ್ಬರ್ ಯಾವುದು, ಕಬ್ಬಿಣ ಯಾವುದು, ಇದಕ್ಕ ತಿಳಿಯಾಂಗಿಲ್ಲ. ಅವತ್ತು ಇದು ರಿಂಗ್ ಇಲ್ಲ ಅಂತು, ನಾ ನಂಬಿದೆ. ನಿಮ್ಮ ಮನಿಯವರು ಲೈಟ್ ಹತ್ತಿದ ಕೂಡ್ಲೆ ಗಾಡಿ ನಿಂದ್ರಿಸ್ಯಾರ, ಅದಕ್ಕ ಎಂಜಿನ್ ಉಳದೈತಿ. ಬೇರಿಂಗ್ ನೋಡಿದಾಗ್ಲೇ ನನಗ ಗೊತ್ತಿತ್ತು. ನನಗ ದೊಡ್ಡ ಮನಸಿಲ್ಲ. ನಾ ಅಂಜಿದ್ದೆ."

ಬೆರಳುಗಳ ಸುತ್ತ ಚಹ ಕೆನೆ ಕಟ್ಟುತ್ತಿತ್ತು. ರೈತರಲ್ಲಿ ಹಿರಿಯವನು ಮುಖ ಬೇರೆ ಕಡೆ ತಿರುಗಿಸಿದ. ಈ ಸುದ್ದಿ ತಾನು ಮುಟ್ಟುವ ಮೊದಲೇ ಕೌಲ್ ಬಜಾರ್ ಮುಟ್ಟುತ್ತದೆ ಎಂದು ಗೌಸನಿಗೆ ಗೊತ್ತಿತ್ತು; ಎರ್ರಣ್ಣ ನಾಳೆಯಿಂದ ಗ್ಲಾಸಿನ ಅಂಚು ಒರೆಸಿ, ಆರಿಸಿ ಕೊಡುತ್ತಾನೆ. ಕೊಡಲಿ. ಅವನು ಕೈ ತೆಗೆಯಲಿಲ್ಲ. ನೋವಿಗಾಗಿ ಕಾದ, ಅದು ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆ ಬೆರಳುಗಳು ಒಂದು ಸತ್ಯ ಹೇಳುತ್ತಿದ್ದವು.

ಕೊಟ್ರಬಸಮ್ಮ ಬಂದು ಅವನ ಮಣಿಕಟ್ಟು ಹಿಡಿದು ಕೈಯನ್ನು ಹೊರಗೆಳೆದಳು. ಸಾಕು ಎಂದಳು. ಮಣ್ಣಿನ ಗಡಿಗೆಯ ನೀರನ್ನು ಬೊಗಸೆ ಬೊಗಸೆಯಾಗಿ ಹೊಯ್ದಳು. ಬೆರಳುಗಳು ಕೆಂಪಗೆ ಊದಿದ್ದವು. ಮರಿಬಸಪ್ಪ ಆ ಜೋಡಿ ರಿಂಗನ್ನು ಕೈಗೆತ್ತಿಕೊಂಡು ಬಿಡಿಸಲು ನೋಡುತ್ತಿದ್ದ, ಬಿಡಲಿಲ್ಲ. ಅದನ್ನು ಹಿಡಿದುಕೊಂಡೇ ಗಂಗಾವತಿಯವರಿಗೆ ಏನು ಹೇಳುವುದು ಎಂದು ಗೊಣಗಿದ. ಬೇಡವೆಂದು ಫೋನು ಮಾಡಿ ಎಂದಳು ಆಕೆ. ಆಮೇಲೆ, ಭಾನುವಾರ ಆ ನಲವತ್ತು ಜನರನ್ನು ಮತ್ತೆ ಊಟಕ್ಕೆ ಕರೆಯುವುದಾದರೆ ತಾನೇ ಅಡುಗೆ ಮಾಡುತ್ತೇನೆ, ಹೇಳಬೇಕಾದ್ದನ್ನು ಗಂಡನೇ ಹೇಳಬೇಕು ಎಂದಳು. ಮರಿಬಸಪ್ಪ ಹ್ಞೂಂ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ರೈತರ ಮುಂದೆ ಅವನಿಗೆ ಅದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲ.

ಗೌಸ ಬಸ್ಸಿಗೆ ಹೋಗುತ್ತೇನೆಂದ. ಆಕೆ ಎಡಗಡೆಯ ಬಾಗಿಲು ತೆರೆದು ನಿಂತಳು, ಅವನು ಹತ್ತಿ ಕೂತ. ಕೀ ತಿರುಗಿಸಿದಾಗ ಸ್ಟೀರಿಂಗಿನ ಎದುರಿನ ಮೀಟರಿನ ಗಾಜಿನೊಳಗೆ ಆಯಿಲಿನ ಕೆಂಪು ಲೈಟು ಹತ್ತಿತು. ಎಂಜಿನ್ನು ಎದ್ದಿತು. ಲೈಟು ಆರುವುದನ್ನೇ ನೋಡುತ್ತ ಆಕೆ ಗೇರು ಹಾಕದೆ ಕಾದಳು.

"ಆರಿತೇನ್ರಿ?" ಎಂದು ಕೇಳಿದಳು.

ಗೌಸ ಒದ್ದೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ತಿರುಗಲಿಲ್ಲ.

"ನೀವು ನೋಡಿದ್ರಲ್ಲ," ಎಂದ. "ನಡೀರಿ."